ನೋಡದವರ ಸಾವಿಗೆ ದುಃಖ

ಖಗೋಳವಿಜ್ಞಾನಿ, ಮರಾಠಿ ವಿಜ್ಞಾನ ಕಥೆಗಾರ ಜಯಂತ ನಾರಳೀಕರ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡಾಗ ಬೇಡಕಿಹಾಳ, ನಿಪ್ಪಾಣಿ ಕಡೆಯ ನಮ್ಮಂಥ ಓದುಗರಿಗೆ ಮನೆಯ ಹಿರಿಯರೊಬ್ಬರು ಹೋದಂತಾಯಿತು. 1938ರಲ್ಲಿ ಅವರು ಹುಟ್ಟಿದ್ದು ಕೊಲ್ಲಾಪುರದಲ್ಲಿ. ದವಾಖಾನೆಗೂ ಮದುವೆ ಜವಳಿಗೂ ನಾವು ಹೋಗುವ ಊರು ಅದು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಗಡಿಯಲ್ಲಿ ಅವರ ಮರಾಠಿ ವಿಜ್ಞಾನ ಕಥೆಗಳು ನಮಗೆ ಅನುವಾದಕ್ಕೆ ಕಾಯದೆ ಸಿಕ್ಕವು. ಆದರೆ ಈ ದುಃಖವನ್ನು ಯಾರ ಮುಂದಾದರೂ ತೋಡಿಕೊಂಡರೆ ಬರುವ ಮಾತು ಒಂದೇ: "ನೀ ಅವರನ್ನ ಕಣ್ಣಿಲೆ ನೋಡಿಲ್ಲ, ನಿನಗ್ಯಾಕಪಾ ಇಷ್ಟು ಸಂಕಟ? ಅವರ ಪುಸ್ತಕ ಅದಾವಲ್ಲ?"

ಮಾತು ಒರಟಾದರೂ ಹುರುಳಿಲ್ಲದ್ದಲ್ಲ. ಒಡನಾಡಿದವರು ಸತ್ತರೆ ಮನೆಯ ದಿನಚರಿಯೇ ಏರುಪೇರಾಗುತ್ತದೆ. ಲೇಖಕ ಸತ್ತರೆ ಓದುಗನ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಕಪಾಟಿನ ಪುಸ್ತಕ ಇದ್ದಲ್ಲೇ ಇರುತ್ತದೆ. ಹಾಗಾದರೆ ನಾವು ಕಳೆದುಕೊಂಡದ್ದು ಏನು?

ಪುಸ್ತಕ ಇದೆಯೆಂಬ ಸಮಾಧಾನ ಎಲ್ಲಿಗೆ ನಿಲ್ಲುತ್ತದೆ ಎಂಬುದು ಅವರದೇ 'ಗಂಗಾಧರಪಂತಾಂಚೇ ಪಾನಿಪತ' ಕಥೆಯಿಂದ ತಿಳಿಯುತ್ತದೆ. ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತರು ಅಪಘಾತಕ್ಕೆ ಸಿಕ್ಕು, 1761ರ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದಿರುವ ಬೇರೊಂದು ಭಾರತವನ್ನು ಹೊಗುತ್ತಾರೆ. ಅಲ್ಲಿನ ಗ್ರಂಥಾಲಯದಲ್ಲಿ ಕೂತು ಎರಡು ಇತಿಹಾಸಗಳು ಕವಲೊಡೆದ ಜಾಗ ಹುಡುಕುತ್ತಾರೆ. ಪೇಶ್ವೆಯ ಮಗ ವಿಶ್ವಾಸರಾಯನನ್ನು ಕೊಲ್ಲಬೇಕಿದ್ದ ಗುಂಡು ಅಲ್ಲಿ ಕಿವಿಯ ಪಕ್ಕದಿಂದ ಹಾದುಹೋಗಿದೆ, ಅಷ್ಟೇ ವ್ಯತ್ಯಾಸ. ನಮ್ಮ ಲೋಕಕ್ಕೆ ಮರಳಿದಾಗ ಅವರ ಕಿಸೆಯಲ್ಲಿ ಉಳಿದದ್ದು ಆ ಲೋಕದ ಬಖರಿನ, ಅಂದರೆ ಮರಾಠಿ ಇತಿಹಾಸ ಗ್ರಂಥದ, ಒಂದು ಹರಿದ ಹಾಳೆ. ಆ ಲೋಕ ಇತ್ತು ಎಂಬುದಕ್ಕೆ ಹಾಳೆ ಸಾಕ್ಷಿ. ಆದರೆ ಅದನ್ನು ಹಿಡಿದುಕೊಂಡು ಅಲ್ಲಿಗೆ ಮತ್ತೆ ಹೋಗಲಾಗದು. ಲೇಖಕ ಹೋದ ಮೇಲೆ ಅವನ ಪುಸ್ತಕದ ಸ್ಥಿತಿಯೂ ಇದೇ ಎಂದು ನನಗನ್ನಿಸುತ್ತದೆ.

ಬರೆಯದೆ ಉಳಿದ ಪುಸ್ತಕಗಳಿಗಾಗಿ ಅಳುತ್ತೇವೆ ಎಂದು ಕೆಲವರು ಹೇಳಿಯಾರು. 2007ರ ಏಪ್ರಿಲ್ 5ರಂದು ಪೂರ್ಣಚಂದ್ರ ತೇಜಸ್ವಿ ಹೋದಾಗ ಆ ಮಾತು ನಿಜವಾಗಿತ್ತು. 'ಮಾಯಾಲೋಕ'ದ ಮೊದಲ ಭಾಗ ಓದಿ ಮುಂದಿನದಕ್ಕೆ ಕಾದವರು ಕಾದೇ ಉಳಿದರು. ಆದರೆ ನಾರಳೀಕರರಿಗೆ 86 ವರ್ಷ. ಕಥೆ, ಕಾದಂಬರಿ, ಆತ್ಮಕಥೆ ಎಲ್ಲ ಕೊಟ್ಟಾಗಿತ್ತು. ಇಲ್ಲಿನ ದುಃಖಕ್ಕೆ ಬೇರೆ ಕಾರಣ ಇರಲೇಬೇಕು.

ಹಸ್ತಾಕ್ಷರ ಕೇಳಿ ಬಂದ ಶಾಲಾ ಮಕ್ಕಳಿಗೆ ಅವರು ಸುಮ್ಮನೆ ಸಹಿ ಹಾಕುತ್ತಿರಲಿಲ್ಲ. ಪೋಸ್ಟ್‌ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಲು ಹೇಳುತ್ತಿದ್ದರು. ಉತ್ತರ ಬರೆದು ಅದರ ಕೆಳಗೆ ಸಹಿ ಮಾಡಿ ಕಳಿಸುತ್ತಿದ್ದರು. ನಾವು ಕಳೆದುಕೊಂಡದ್ದು ಏನು ಎಂಬುದಕ್ಕೆ ನನ್ನ ಮಟ್ಟಿಗೆ ಇಡೀ ಉತ್ತರ ಇಲ್ಲಿದೆ. ಓದುಗ ಒಂದು ಪತ್ರವನ್ನೂ ಬರೆಯದಿರಬಹುದು. ಆದರೂ ಕೇಳಿದರೆ ಹೇಳುವವರೊಬ್ಬರು ಇದ್ದಾರೆ ಎಂಬ ಧೈರ್ಯದಲ್ಲಿ ಅವನು ಓದುತ್ತಾನೆ. ಸಾವು ಕಿತ್ತುಕೊಳ್ಳುವುದು ಆ ಧೈರ್ಯವನ್ನು. ವಿಜ್ಞಾನ ಕಥೆಗಾರನ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಅವನು ನಾಳೆ ಹೀಗಾದೀತು ಎಂದು ಊಹೆ ಕಟ್ಟುತ್ತಾನೆ. ನಾಳೆ ಬಂದಾಗ ಊಹೆ ತಾಳೆಯಾಯಿತೇ ಎಂದು ಅವನ ಜೊತೆಗೇ ನೋಡುವ ಆಸೆ ಓದುಗನದು. ಈಗ ನೋಡಬೇಕಾದವರು ನಾವಷ್ಟೇ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. ವಿಶ್ವ ಮಹಾಸ್ಫೋಟದಿಂದ ಶುರುವಾಯಿತೆಂಬ ಸಿದ್ಧಾಂತವನ್ನು ನಾರಳೀಕರರು ಕಡೆಯವರೆಗೂ ಒಪ್ಪಲಿಲ್ಲ. ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಸೇರಿ ಬೇರೆ ದಾರಿ ಹಿಡಿದರು. ವಿಜ್ಞಾನಿಗಳಲ್ಲಿ ಹೆಚ್ಚಿನವರು ಆ ದಾರಿಗೆ ಬರಲಿಲ್ಲ. ಬಹುಮತವೇ ಸರಿಯಾದರೆ, ವಿಶ್ವದ ಬಗೆಗಿನ ಅತಿ ದೊಡ್ಡ ಪ್ರಶ್ನೆಯಲ್ಲೇ ತಪ್ಪಿದವರ ಉತ್ತರಕ್ಕಾಗಿ ಇಷ್ಟು ಹಂಬಲವೇಕೆ? ಏಕೆಂದರೆ ಅವರಿಂದ ನಮಗೆ ಬೇಕಿದ್ದದ್ದು ಕೊನೆಯ ಮಾತಲ್ಲ, ವಿಚಾರ ಮಾಡುವ ರೀತಿ. 1965ರಲ್ಲೇ ಪದ್ಮಭೂಷಣ ಪಡೆದಿದ್ದವರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ತಮ್ಮ ಮೊದಲ ವಿಜ್ಞಾನ ಕಥೆಯನ್ನು ಬೇರೆ ಹೆಸರಿನಲ್ಲಿ ಕಳಿಸಿದರು. ಕಥೆ ತನ್ನ ಬಲದಿಂದಲೇ ಗೆಲ್ಲಬೇಕೆಂಬ ಹಟ ಅದು, ಗೆದ್ದಿತು ಕೂಡ. ಜ್ಯೋತಿಷ್ಯವನ್ನು ಬರೀ ಹೀಗಳೆಯದೆ, ಮಕ್ಕಳ ಜಾತಕಗಳನ್ನು ಜ್ಯೋತಿಷಿಗಳ ಕೈಗೇ ಕೊಟ್ಟು ಪರೀಕ್ಷೆ ಮಾಡಿಸಿದರು. ಫಲ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಲಿಲ್ಲ. ತನ್ನದಿರಲಿ, ಬೇರೆಯವರದಿರಲಿ, ಮಾತನ್ನು ಪರೀಕ್ಷೆಗೆ ಒಡ್ಡುವ ಆ ಗುಣವನ್ನು ನಂಬಿ ಓದಿದವರು ನಾವು.

ಆದ್ದರಿಂದ ಮುಖ ನೋಡದವರಿಗಾಗಿ ಅಳುವುದು ಹುಸಿ ಭಾವುಕತೆಯಲ್ಲ. ಪ್ರಶ್ನೆ ಕೇಳುವವನಿಗೂ ಉತ್ತರ ಹೇಳುವವನಿಗೂ ನಡುವೆ ಇರುವುದು ನಿಜವಾದ ನಂಟು. ರಕ್ತಸಂಬಂಧದ ಪಕ್ಕದಲ್ಲಿ ಅದನ್ನು ಕಡಿಮೆ ಎಣಿಸಲು ನಾನು ತಯಾರಿಲ್ಲ. ಅದು ಗಡಿಯನ್ನೂ ಕೇಳುವುದಿಲ್ಲ, ಭಾಷೆಯನ್ನೂ ಕೇಳುವುದಿಲ್ಲ.

ಬೇಡಕಿಹಾಳ, ಸದಲಗಾ, ಬೋರಗಾಂವ ಕಡೆಯ ಗುರುಗಳಲ್ಲಿ, ಅಕ್ಕೋರಲ್ಲಿ ನನ್ನದೊಂದು ಬಿನ್ನಹ. ಈ ವರ್ಷ ಅವರ ಒಂದು ಕಥೆಯನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಿರಿ. ಮಕ್ಕಳಿಂದ ಒಂದೊಂದು ಪ್ರಶ್ನೆ ಬರೆಸಿಕೊಳ್ಳಿರಿ. ಗೊತ್ತಿದ್ದರೆ ಉತ್ತರ ಬರೆಯಿರಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆದು ಕೆಳಗೆ ನಿಮ್ಮ ಸಹಿ ಹಾಕಿ ಕೊಡಿರಿ.