ಬೀದಿಯ ತಿನಿಸು ಮತ್ತು ಆಹಾರಶುದ್ಧಿ

ಸಾಯಂಕಾಲದ ಹೊತ್ತಿನಲ್ಲಿ ಹೈದರಾಬಾದಿನ ಕೋಠಿ, ಸುಲ್ತಾನ್ ಬಜಾರ್, ಕಾಚಿಗೂಡಾ ಭಾಗಗಳಲ್ಲಿ ಸಂಚರಿಸುವವರಿಗೆ ಒಂದು ದೃಶ್ಯ ನಿತ್ಯಪರಿಚಿತವಾದುದು. ಕಛೇರಿಯಿಂದ ಮರಳುವವರು, ಕಾಲೇಜಿನ ವಿದ್ಯಾರ್ಥಿಗಳು, ಮಕ್ಕಳ ಕೈ ಹಿಡಿದ ಗೃಹಿಣಿಯರು ಚಾಟ್ ಅಂಗಡಿಗಳ ಮುಂದೆ, ಮಿರ್ಚಿ ಬಜ್ಜಿಯ ಬಂಡಿಗಳ ಸುತ್ತ, ಈ ಊರಿನವರು ಗಪ್‌ಚುಪ್ ಎಂದು ಕರೆಯುವ ಪಾನಿಪುರಿಯ ಬುಟ್ಟಿಗಳ ಬಳಿ ಗುಂಪುಗೂಡಿ ನಿಂತಿರುತ್ತಾರೆ. ಅವರಲ್ಲಿ ನಮ್ಮ ಮನೆಗಳ ಮಕ್ಕಳೂ ಇರುತ್ತಾರೆ. ಒಮ್ಮೊಮ್ಮೆ ನಾವೂ ಇರುತ್ತೇವೆ.

ಕೆಲವು ತಿಂಗಳ ಹಿಂದೆ ಪ್ರವಚನವೊಂದು ಮುಗಿದ ಮೇಲೆ ತರುಣನೊಬ್ಬ ಎದ್ದುನಿಂತು ಕೇಳಿದ: “ನಾನು ಸಂಧ್ಯಾವಂದನೆ ತಪ್ಪಿಸುವುದಿಲ್ಲ, ಏಕಾದಶಿ ಬಿಡುವುದಿಲ್ಲ. ಕೆಲಸದಿಂದ ಬರುವಾಗ ಸ್ನೇಹಿತರೊಡನೆ ಒಂದು ಪ್ಲೇಟು ಚಾಟ್ ತಿಂದರೆ ನನ್ನ ಆಚಾರವೆಲ್ಲ ವ್ಯರ್ಥವಾಯಿತೇ?” ಹಿರಿಯರೊಬ್ಬರು ಹೊರಗಿನ ಆಹಾರ ಸರ್ವಥಾ ತ್ಯಾಜ್ಯವೆಂದರು. ಮತ್ತೊಬ್ಬರು, ಈ ಕಾಲದಲ್ಲಿ ಅದನ್ನೆಲ್ಲ ನೋಡುತ್ತ ಕೂತರೆ ಆಗದೆಂದು ನಕ್ಕುಬಿಟ್ಟರು. ಪ್ರಶ್ನೆ ಕೇಳಿದವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಅಂದು ಸುಮ್ಮನಿದ್ದ ನಾನು ಈ ಲೇಖನದ ಮೂಲಕ ಆ ಪ್ರಶ್ನೆಯನ್ನು ಸ್ವಲ್ಪ ವಿಚಾರ ಮಾಡಲು ಯತ್ನಿಸುತ್ತೇನೆ.

ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆಂದು ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯ ಬೋಧಿಸುತ್ತದೆ. ಆಹಾರದ ದೋಷಗಳನ್ನು ವೈಷ್ಣವ ಪರಂಪರೆಯಲ್ಲಿ ಮೂರು ಬಗೆಯಾಗಿ ವಿಂಗಡಿಸಿ ಹೇಳುವುದುಂಟು. ಈರುಳ್ಳಿ, ಬೆಳ್ಳುಳ್ಳಿ ಮೊದಲಾದವುಗಳಲ್ಲಿ ಹೇಳುವುದು ವಸ್ತುವಿನ ದೋಷ. ಕೂದಲು, ಧೂಳು, ಹುಳು ಬಿದ್ದು ಕೆಡುವುದು ನಿಮಿತ್ತದಿಂದ ಬಂದ ದೋಷ. ಕೊಡುವವನ ಸ್ವಭಾವ, ನಡತೆ, ಸಂಪಾದನೆಗಳಿಂದ ಬರುವುದು ಆಶ್ರಯದ ದೋಷ. ಬೀದಿಯ ಬಂಡಿಯಲ್ಲಿ ಮೊದಲಿನ ಎರಡು ದೋಷಗಳು ಇರುವ ಸಂಭವ ಹೆಚ್ಚೆಂಬುದನ್ನು ಮರೆಮಾಚಬೇಕಾಗಿಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ತಟ್ಟೆ, ವಾಹನಗಳ ಹೊಗೆ, ಇವುಗಳನ್ನು ಆಕ್ಷೇಪಿಸಲು ಶಾಸ್ತ್ರವೂ ಬೇಕಿಲ್ಲ, ವೈದ್ಯರೇ ಸಾಕು.

ಮೂರನೆಯ ದೋಷದ ವಿಷಯದಲ್ಲಿ ಮಾತ್ರ ನಾವು ಆತ್ಮಪರೀಕ್ಷೆ ಮಾಡಿಕೊಳ್ಳಬೇಕಾಗಿದೆ. ಬಂಡಿಯವನು ಯಾರೋ, ಎಲ್ಲಿಯವನೋ ಎಂದು ಅನುಮಾನಿಸುವ ನಾವು, ದೊಡ್ಡ ಕಲ್ಯಾಣಮಂಟಪದಲ್ಲಿ ಐವತ್ತು ಬಗೆಯ ಭಕ್ಷ್ಯಗಳನ್ನು ಬಡಿಸುವಾಗ ಆ ಹಣ ಎಲ್ಲಿಂದ ಬಂತೆಂದು ಕೇಳುವುದುಂಟೇ? ಲಂಚದ ಹಣದಲ್ಲಿ ಬೆಂದ ಪಾಯಸಕ್ಕೆ ಆಶ್ರಯದ ದೋಷವಿಲ್ಲವೇ? ಬೆಳಗಿನ ನಾಲ್ಕಕ್ಕೆ ಎದ್ದು ಆಲೂಗಡ್ಡೆ ಬೇಯಿಸಿ, ಹುಣಿಸೆ ಕಿವುಚಿ, ಬಿಸಿಲಲ್ಲಿ ಬಂಡಿ ತಳ್ಳಿಕೊಂಡು ಬಂದವನ ಗಳಿಕೆಯಲ್ಲಿ ಆ ದೋಷವನ್ನು ಹುಡುಕುವುದು ನ್ಯಾಯವೇ?

ಪರಾನ್ನವನ್ನು ಯಾವಾಗ ಉಣ್ಣಬಹುದೆಂಬುದಕ್ಕೆ ಮಹಾಭಾರತದ ಉದ್ಯೋಗಪರ್ವದಲ್ಲಿ ಸ್ಪಷ್ಟವಾದ ಉತ್ತರವಿದೆ. ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಶ್ರೀಕೃಷ್ಣನನ್ನು ದುರ್ಯೋಧನನು ಭೋಜನಕ್ಕೆ ಕರೆಯುತ್ತಾನೆ. ಪರರ ಅನ್ನವನ್ನು ಉಣ್ಣುವುದು ಪ್ರೀತಿಯಿರುವಲ್ಲಿ ಅಥವಾ ಆಪತ್ತಿನಲ್ಲಿ. ನಿನ್ನಲ್ಲಿ ಪ್ರೀತಿಯಿಲ್ಲ, ನಾನು ಆಪತ್ತಿನಲ್ಲಿಲ್ಲ ಎಂಬ ಅಭಿಪ್ರಾಯದ ಮಾತನ್ನಾಡಿ ಶ್ರೀಕೃಷ್ಣನು ಆ ಊಟವನ್ನು ನಿರಾಕರಿಸಿ ವಿದುರನ ಮನೆಗೆ ಹೋಗುತ್ತಾನೆ.

ಆಪತ್ತಿನ ಮಾತಿಗೆ ಉಪನಿಷತ್ತಿನಲ್ಲಿಯೇ ಉದಾಹರಣೆಯಿದೆ. ಛಾಂದೋಗ್ಯದ ಮೊದಲನೆಯ ಅಧ್ಯಾಯದಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆ ಅದು. ಕುರುದೇಶದಲ್ಲಿ ಬೆಳೆ ಹಾಳಾಗಿತ್ತು. ಹಸಿವಿನಿಂದ ಬಳಲಿದ ಆ ಜ್ಞಾನಿಯು ಇಭ್ಯಗ್ರಾಮದಲ್ಲಿ ಕುಲ್ಮಾಷವೆಂಬ ಸಾಮಾನ್ಯ ಕಾಳನ್ನು ತಿನ್ನುತ್ತಿದ್ದವನೊಬ್ಬನನ್ನು ಬೇಡಿದ. ತಾನು ತಿಂದು ಉಳಿದದ್ದಲ್ಲದೆ ಬೇರೆ ಇಲ್ಲವೆಂದ ಆತ. ಅದನ್ನೇ ಕೊಡು ಎಂದು ಪಡೆದು ಉಷಸ್ತಿ ತಿಂದ. ಕುಡಿಯಲು ನೀರು ಕೊಡಹೋದಾಗ ಮಾತ್ರ ಅದು ಎಂಜಲೆಂದು ಬೇಡವೆಂದ. ಕಾಳೂ ಎಂಜಲೇ ಅಲ್ಲವೇ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೆ ಬೇಕಾದಲ್ಲಿ ದೊರೆಯುತ್ತದೆ ಎಂದು ಉತ್ತರಿಸಿದ. ಪ್ರಾಣಸಂಕಟದಲ್ಲಿ ಎಲ್ಲ ಅನ್ನಕ್ಕೂ ಅನುಮತಿಯುಂಟೆಂದು ಹೇಳುವ ಬ್ರಹ್ಮಸೂತ್ರಕ್ಕೆ ಈ ಕಥೆಯೇ ಆಧಾರ.

ಉಷಸ್ತಿ ನಿಯಮವನ್ನು ಮೀರಿದ್ದು ನಿಜ. ಆದರೆ ಎಷ್ಟು ಅಗತ್ಯವೋ ಅಷ್ಟೇ ಮೀರಿದ. ಹಸಿವು ಎಲ್ಲಿ ಮುಗಿಯಿತು, ಅನುಕೂಲ ಎಲ್ಲಿಂದ ಆರಂಭವಾಯಿತೆಂಬ ಗೆರೆ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಾವಾದರೋ ಬಾಟಲಿಯ ನೀರನ್ನು ಕೈಯಲ್ಲಿ ಹಿಡಿದು ಬಂಡಿಯ ತಿನಿಸನ್ನು ತಿನ್ನುವವರು; ಹಸಿವಿಗೂ ಚಾಪಲ್ಯಕ್ಕೂ ಭೇದವೆಣಿಸದೆ ಎರಡನ್ನೂ ಹಸಿವೆಂದೇ ಕರೆಯುವವರು. ಇದರ ಜೊತೆಗೆ ಮತ್ತೊಂದು ಅಂಶವನ್ನು ಗಮನಿಸಬೇಕು. ನೀರನ್ನು ಬೇಡವೆಂದಾಗಲೂ ಉಷಸ್ತಿ ಕೊಟ್ಟವನ ಬಗ್ಗೆ ಒಂದು ಹಗುರವಾದ ಮಾತನ್ನೂ ಆಡಲಿಲ್ಲ. ಕಾರಣ ಕೇಳಿದವನಿಗೆ ನೇರವಾಗಿ ಕಾರಣ ಹೇಳಿದ.

ಪ್ರೀತಿಯ ಅನ್ನವನ್ನೂ ನಮ್ಮ ಹಿರಿಯರು ಕಂಡವರು. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಅಲ್ಲಿಂದ ಓದಲು ಈ ನಗರಕ್ಕೆ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಬೆಳೆದರು. ಹಾಗೆ ಉಂಡವರಲ್ಲಿ ನನ್ನ ತಂದೆಯವರೂ ಒಬ್ಬರು.

ಇಂದಿನ ಪರಾನ್ನವಾದರೋ ಪ್ರೀತಿಯದೂ ಅಲ್ಲ, ಆಪತ್ತಿನದೂ ಅಲ್ಲ. ಅದು ಕ್ರಯದ ಅನ್ನ. ಹಣ ಕೊಡುತ್ತೇವೆ, ತಿನ್ನುತ್ತೇವೆ, ಹೋಗುತ್ತೇವೆ. ಅನ್ನವನ್ನು ಮಾರುವುದೇ ತಪ್ಪೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಆದರೂ ಉಡುಪಿಯ ಸುತ್ತಲಿನ ಊರುಗಳ ನಮ್ಮ ಜನರೇ ಬಡತನದಿಂದ ಊರು ಬಿಟ್ಟು, ದೇಶದ ನಗರ ನಗರಗಳಲ್ಲಿ ಹೋಟೆಲುಗಳನ್ನು ತೆರೆದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಅಡಿಗೆಮನೆಯ ಊಳಿಗದಿಂದ ಬದುಕನ್ನು ಆರಂಭಿಸಿದ ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಮಾರುವ ಅನ್ನದಲ್ಲಿಯೂ ಶುಚಿಯನ್ನು ಕಾಪಾಡಬಹುದೆಂದು ಇಂಥವರು ತೋರಿಸಿಕೊಟ್ಟರು. ಆದ್ದರಿಂದ ತಿನಿಸು ಮಾರಿ ಬದುಕುವವನನ್ನು ಕೀಳಾಗಿ ಕಾಣುವ ಅಧಿಕಾರ ನಮಗಂತೂ ಇಲ್ಲ.

ಹಾಗಾದರೆ ಕ್ರಯದ ಅನ್ನಕ್ಕೆ ಧರ್ಮವೇನು? ಹಣ ಕೊಟ್ಟ ಮಾತ್ರಕ್ಕೆ ಉಂಡವನ ಋಣ ತೀರಿತೇ? ಈ ಪ್ರಶ್ನೆಗೆ ನನ್ನ ಜೀವನದ ಒಂದು ಪ್ರಸಂಗವನ್ನು ಸಂಕೋಚದಿಂದಲೇ ನಿವೇದಿಸುತ್ತೇನೆ.

ನಾನು ನೌಕರಿಯಲ್ಲಿದ್ದಾಗ ಸುಮಾರು ಹತ್ತು ವರ್ಷ ಸಂಜೆ ಒಂದೇ ಬಂಡಿಯ ಬಳಿ ನಿಂತು ತಿನ್ನುತ್ತಿದ್ದೆ. ಬಂಡಿಯವನು ಉತ್ತರದ ಕಡೆಯವನು. ನನ್ನನ್ನು ಕಂಡೊಡನೆ, ನಾನು ಹೇಳುವ ಮೊದಲೇ, ಈರುಳ್ಳಿ ಹಾಕದೆ ಬೇರೆಯಾಗಿ ಕಲಸಿ ಕೊಡುತ್ತಿದ್ದ. ಮನೆಯಲ್ಲಿ ನನ್ನ ತಾಯಿಯವರು ಕಟ್ಟುನಿಟ್ಟಿನ ಮಡಿಯವರು. ಮನೆಯ ಹೊರಗೆ ಮಠದ ತೀರ್ಥಪ್ರಸಾದವನ್ನಲ್ಲದೆ ಬೇರೆ ಏನನ್ನೂ ಮುಟ್ಟಿದವರಲ್ಲ. “ಹೊರಗ ಏನರೆ ತಿಂದು ಬಂದೀಯೇನು?” ಎಂದು ಕೇಳುತ್ತಿದ್ದರು. “ಇಲ್ಲ” ಎನ್ನುತ್ತಿದ್ದೆ. ಕ್ರಮೇಣ ಅವರು ಕೇಳುವುದನ್ನು ಬಿಟ್ಟರು. ನಂಬಿದರೆಂದು ನಾನು ತಿಳಿದೆ.

2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದು ಊರಿನ ಬೀದಿಗಳೆಲ್ಲ ಬರಿದಾದವು. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ಕುಳಿತ ತಾಯಿಯವರು ಇದ್ದಕ್ಕಿದ್ದಂತೆ ಕೇಳಿದರು: “ಯಾಕಪಾ, ದಿನಾ ಸಂಜಿಗೆ ತಿಂತಿದ್ದೆಲ್ಲಾ, ಆ ಬಂಡಿಯವನ ಮನ್ಯಾಗ ಈಗ ಒಲಿ ಹತ್ತೇದೋ ಇಲ್ಲೋ?”

ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ಅಂಗಿಗೆ ಅಂಟಿದ ಪುದೀನ, ಹುಣಿಸೆಯ ವಾಸನೆಯೇ ಎಲ್ಲವನ್ನೂ ಹೇಳಿತ್ತು. ಹತ್ತು ವರ್ಷ ಸುಳ್ಳು ಹೇಳಿದ ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ನಾಚಿಕೆ ಮತ್ತೊಂದು. ಅವನ ಕೈಯಿಂದ ಒಂದು ತುತ್ತನ್ನೂ ತಿನ್ನದ ತಾಯಿಗೆ ಅವನ ಹಸಿವಿನ ನೆನಪಾಯಿತು. ದಿನವೂ ತಿಂದ ನನಗೆ ಆಗಿರಲಿಲ್ಲ. ಮರುದಿನ ವಿಚಾರಿಸಲು ಹೊರಟಾಗ, ಅವನ ಹೆಸರೇ ನನಗೆ ತಿಳಿಯದೆಂಬುದು ಅರಿವಿಗೆ ಬಂತು. ‘ಭಯ್ಯಾ’ ಎಂದು ಕರೆದಿದ್ದೆನಷ್ಟೆ. ತಿಂಗಳುಗಳ ನಂತರ ಆ ಜಾಗದಲ್ಲಿ ಬೇರೊಬ್ಬನ ಬಂಡಿ ನಿಂತಿತ್ತು. ಹಿಂದಿನವನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಆಚಾರಶೀಲರ ಹೃದಯ ಸಂಕುಚಿತವಾಗಿರುತ್ತದೆಂದು ಹೇಳುವವರಿಗೆ ನನ್ನ ತಾಯಿಯವರ ಆ ಒಂದು ಪ್ರಶ್ನೆ ಉತ್ತರವಾಗಬಲ್ಲದು. ಆದರೆ ಆಚಾರ ಕಠೋರತೆಗೆ ತಿರುಗುವುದನ್ನೂ ನಾನು ಇದೇ ಊರಿನಲ್ಲಿ ಕಂಡಿದ್ದೇನೆ. 2007ರ ಆಗಸ್ಟ್ 25ರ ಶನಿವಾರ ಸಂಜೆ ಕೋಠಿಯ ಗೋಕುಲ್ ಚಾಟ್‌ನಲ್ಲಿಯೂ ಲುಂಬಿನಿ ಪಾರ್ಕಿನಲ್ಲಿಯೂ ಬಾಂಬುಗಳು ಸಿಡಿದು, ಎರಡೂ ಕಡೆ ಸೇರಿ 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2018ರಲ್ಲಿ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಆ ದುರಂತದ ಮರುವಾರ ಪರಿಚಿತರೊಬ್ಬರು, “ಮನೆಯಲ್ಲಿ ಉಂಡಿದ್ದರೆ ಉಳಿಯುತ್ತಿದ್ದರು” ಎಂದರು. ತಟ್ಟೆಯನ್ನು ಕೈಯಲ್ಲಿ ಹಿಡಿದು, ಪಕ್ಕದವನ ಕುಲಗೋತ್ರ ಕೇಳದೆ, ಹೆಂಡತಿ ಮಕ್ಕಳೊಡನೆ ನಗುತ್ತ ನಿಂತಿದ್ದ ಜನರ ಮೇಲೆ ಆಡಿದ ಮಾತದು. ತಾನು ಹೊರಗೆ ತಿನ್ನದವನೆಂಬ ಹೆಮ್ಮೆ ಸತ್ತವರಿಗಾಗಿ ಮರುಗುವ ಶಕ್ತಿಯನ್ನೇ ಕಸಿದುಕೊಂಡರೆ, ಅಂಥ ನಿಯಮದಿಂದ ಯಾವ ಅಂತಃಕರಣ ಶುದ್ಧವಾದೀತು?

ಆ ತರುಣನಿಗೆ ನಾನು ಹೇಳಬಯಸುವುದು ಇಷ್ಟು. ಬಿಡಲು ಸಾಧ್ಯವಾದರೆ ಬಿಡು. ಬಿಟ್ಟವನೆಂಬ ಗರ್ವವನ್ನೂ ಜೊತೆಗೇ ಬಿಡು. ವ್ರತದ ದಿನಗಳಲ್ಲಂತೂ ಆ ದಾರಿಗೆ ಹೋಗಬೇಡ. ತಿನ್ನುವುದಾದರೆ ಹಸಿವೋ ಚಾಪಲ್ಯವೋ ಎಂದು ಉಷಸ್ತಿಯಂತೆ ನಿನ್ನನ್ನೇ ಒಮ್ಮೆ ಕೇಳಿಕೊ. ಶುಚಿಯಿಲ್ಲದಿದ್ದರೆ ನಿಷ್ಠುರನಾಗದೆ ಹೇಳು. ಹತ್ತು ಜನ ಹೇಳಿದರೆ ಬಕೆಟ್ಟಿನ ನೀರು ಬದಲಾಗುತ್ತದೆ. ಎರಡು ರೂಪಾಯಿಗಾಗಿ ಚೌಕಾಸಿ ಮಾಡಬೇಡ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಸಂಸತ್ತು ಕಾನೂನು ಮಾಡಿದೆ. ಆದರೆ ಕಾನೂನು ಜಾಗವನ್ನು ಕೊಡಬಲ್ಲದು, ಆದರವನ್ನು ತಿನ್ನುವವನೇ ಕೊಡಬೇಕು. ತಿಂದದ್ದನ್ನು ಮನೆಯಲ್ಲಿ ಮುಚ್ಚಿಡಬೇಡ. ತಿನಿಸಿನ ದೋಷಕ್ಕೆ ಉಪವಾಸ, ಸ್ನಾನ, ಜಪಗಳಿವೆ. ತಾಯಿಗೆ ಹೇಳಿದ ಸುಳ್ಳಿನ ಭಾರವನ್ನು ಇಳಿಸುವುದು ಅಷ್ಟು ಸುಲಭವಲ್ಲವೆಂದು ಅನುಭವದಿಂದ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ನಿನಗೆ ಬಡಿಸುವವನ ಹೆಸರನ್ನು ಕೇಳಿ ತಿಳಿದುಕೊ. ಉಣ್ಣುವವನ ಜಠರದಲ್ಲಿ ವೈಶ್ವಾನರನಾಗಿ ನಿಂತು ಅನ್ನವನ್ನು ಪಚನ ಮಾಡುವ ಭಗವಂತನು, ದಿನವಿಡೀ ಒಲೆಯ ಮುಂದೆ ನಿಂತು ತನ್ನ ಊಟವನ್ನು ಕಡೆಗೆ ಉಣ್ಣುವ ಆ ಬಂಡಿಯವನ ಜಠರದಲ್ಲಿಯೂ ಇದ್ದಾನೆ.

ಶ್ರೀಕೃಷ್ಣಾರ್ಪಣಮಸ್ತು.