ಕೋಳಿಯ ಆಹಾರವೂ ನೆರೆಯವನ ಪ್ರಾಣವೂ

ಒಬ್ಬನು ಮಾಡಿದ ಕೆಲಸದಿಂದ ಹುಟ್ಟಿದ ಕೇಡು ಅವನ ಕಣ್ಣಿಗೆ ಬೀಳದೆ, ಅವನು ಹೆಸರನ್ನೂ ಅರಿಯದ ಮತ್ತೊಬ್ಬನ ಮನೆಯನ್ನು ಬಹುಕಾಲದ ಮೇಲೆ ಸೇರುವದಾದರೆ, ಆ ಕೇಡಿಗಾಗಿ ಅವನು ದೇವರ ಮುಂದೆ ಲೆಕ್ಕ ಒಪ್ಪಿಸತಕ್ಕವನೋ ಅಲ್ಲವೋ? ಇದು ಪಂಡಿತರಿಗೆ ಮಾತ್ರ ಸಲ್ಲುವ ಪ್ರಶ್ನೆಯೆಂದು ತೋರಬಹುದು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಕಬ್ಬಿನ ಗದ್ದೆಯ ಬದಿಯಲ್ಲಿಯೂ ತೆಂಗಿನ ತೋಟದ ಮಗ್ಗುಲಲ್ಲಿಯೂ ಬ್ರಾಯ್ಲರ್ ಕೋಳಿಯ ಶೆಡ್ಡು ಕಟ್ಟಿಕೊಂಡಿರುವ ಸಂಸಾರಿಗಳಿಗೂ, ಭಾನುವಾರ ಆರಾಧನೆ ಮುಗಿದ ಮೇಲೆ ಕೋಳಿಯ ಮಾಂಸವನ್ನು ಕೊಂಡುಕೊಂಡು ಮನೆಗೆ ಹೋಗುವ ನಮ್ಮೆಲ್ಲರಿಗೂ ಇದು ದಿನದಿನದ ಪ್ರಶ್ನೆಯೇ ಆಗಿದೆ. ಆದಕಾರಣ, ಪ್ರಿಯ ಓದುಗರೇ, ಇದನ್ನು ತಾಳ್ಮೆಯಿಂದ ವಿಚಾರಿಸೋಣ.

ಮೊದಲು ಸಂಗತಿಯನ್ನು ತಿಳಿಯಬೇಕು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಮಿಶನ್ ಆಸ್ಪತ್ರೆಯು 1906ನೆಯ ಇಸವಿಯಲ್ಲಿ ತೆರೆಯಲ್ಪಟ್ಟಾಗ, ಬಾಣಂತಿಗೆ ನಂಜು ಏರಿದರೆ ಅಥವಾ ಕೂಸಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದರೆ, ಆರೈಕೆಯೂ ಪ್ರಾರ್ಥನೆಯೂ ಹೊರತು ವೈದ್ಯರ ಕೈಯಲ್ಲಿ ಹೆಚ್ಚಿನದೇನೂ ಇರಲಿಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿದ್ವಾಂಸನು ಪೆನಿಸಿಲಿನ್ನನ್ನು ಕಂಡುಹಿಡಿದನು. ಅದೂ ಅದರ ಹಿಂದೆ ಬಂದ ಬೇರೆ ಆಂಟಿಬಯಾಟಿಕ್ ಔಷಧಗಳೂ ಎಷ್ಟೋ ತಾಯಂದಿರನ್ನು ಮರಣದ ಬಾಗಿಲಿನಿಂದ ಹಿಂದಕ್ಕೆ ತಂದಿವೆ. ಇದು ದೇವರ ದೊಡ್ಡ ಉಪಕಾರವೆಂಬದರಲ್ಲಿ ಸಂದೇಹವಿಲ್ಲ.

ಆದರೆ 1948ರಲ್ಲಿ ಅಮೆರಿಕ ದೇಶದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಥಾಮಸ್ ಜ್ಯೂಕ್ಸ್, ರಾಬರ್ಟ್ ಸ್ಟೋಕ್‌ಸ್ಟ್ಯಾಡ್ ಎಂಬವರು, ಔಷಧವನ್ನು ತೆಗೆದ ಮೇಲೆ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಲಾಗಿ, ಮರಿಗಳು ಎಂದಿಗಿಂತ ಬೇಗನೆ ಬಲಿತವು. ಗಸಿಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ಕೇ ಅದಕ್ಕೆ ಕಾರಣವೆಂದು ತರುವಾಯ ತಿಳಿಯಿತು. ಅಂದಿನಿಂದ ರೋಗವಿಲ್ಲದ ಕೋಳಿಗೂ ಒಂದು ಟನ್ನು ಆಹಾರಕ್ಕೆ ಕೆಲವು ಗ್ರಾಮಿನಂತೆ ಆ ಔಷಧವನ್ನು ಬೆರಸುವ ಪದ್ಧತಿಯು ಲೋಕದಲ್ಲೆಲ್ಲಾ ಹಬ್ಬಿತು. ರೋಗಿಗೆಂದು ಕೊಡಲ್ಪಟ್ಟ ದಾನವು ಹೀಗೆ ತೂಕ ಹೆಚ್ಚಿಸುವ ಗೊಬ್ಬರವಾಯಿತು.

ಇದರಿಂದ ಕೇಡು ಹೇಗೆ? ಅಲ್ಪ ಪ್ರಮಾಣದ ಔಷಧವು ಕರುಳಿನಲ್ಲಿರುವ ಬಲಹೀನವಾದ ಅಣುಜೀವಿಗಳನ್ನು ಕೊಂದು, ಬಲವಾದವುಗಳನ್ನು ಉಳಿಸುವದು. ಹೊಲದಲ್ಲಿ ಬೇರು ಗಟ್ಟಿಯಾದ ಕಳೆಯನ್ನು ಬಿಟ್ಟು ಉಳಿದದ್ದನ್ನೆಲ್ಲಾ ಕಿತ್ತರೆ, ಮುಂದಿನ ಮಳೆಗೆ ಹೊಲವೆಲ್ಲಾ ಆ ಗಟ್ಟಿ ಕಳೆಯದೇ ಆಗುವಂತೆ, ಔಷಧಕ್ಕೆ ಬಗ್ಗದ ಅಣುಜೀವಿಗಳೇ ಅಲ್ಲಿ ತುಂಬಿಕೊಳ್ಳುವವು. ಮಾಂಸವನ್ನು ಚೆನ್ನಾಗಿ ಬೇಯಿಸಿದರೆ ಅವು ಸಾಯುವವು ನಿಜ. ಆದರೆ ಅವು ಮಾಂಸದಲ್ಲಿ ಮಾತ್ರ ಇರುವವೇ? ಶೆಡ್ಡಿನ ಆಳಿನ ಕೈಯಲ್ಲಿಯೂ, ಕೊಯ್ಯುವ ಮಣೆಯ ಮೇಲೆಯೂ, ಭತ್ತದ ಹೊಟ್ಟಿನ ಹಾಸಿನೊಂದಿಗೆ ಕಬ್ಬಿಗೂ ಶುಂಠಿಗೂ ಹಾಕುವ ಕೋಳಿಗೊಬ್ಬರದಲ್ಲಿಯೂ ಅವು ಇರುವವು. ಗೊಬ್ಬರದಿಂದ ಮಳೆಯ ನೀರಿಗೆ ಸೇರುವವು. ನಮ್ಮ ಸೀಮೆಯ ನೀರಿನ ದಾರಿಯನ್ನು ನೋಡಿರಿ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿಯು ಪಾಂಡವಪುರದ ಸೀಮೆಯನ್ನು ದಾಟಿ ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ಕೂಡುವದು. ಕೃಷ್ಣರಾಜಪೇಟೆಯ ಹೇಮಾವತಿಯು ಕನ್ನಂಬಾಡಿಯ ಕಟ್ಟೆಯೊಳಗೆ ಸೇರಿ, ಅಲ್ಲಿಂದ ನಾಲೆಗಳ ಮೂಲಕ ಕೆಳಗಿನ ಊರುಗಳ ಗದ್ದೆಗೆ ಇಳಿಯುವದು. ಮೇಲಿನ ಊರಿನವನಿಗೆ ಕೆಳಗಿನ ಊರಿನವನು ನೆರೆಯವನಲ್ಲವೆಂದು ಹೇಳುವವರಾರು?

ಫ್ಲೆಮಿಂಗನು ತಾನೇ 1945ನೆಯ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನದ ಉಪನ್ಯಾಸವನ್ನು ಮಾಡುವಾಗ ಒಂದು ಸಾಮ್ಯವನ್ನು ಹೇಳಿದನು. ಗಂಟಲು ನೋವು ಬಂದ ಒಬ್ಬನು ಸಾಲದಷ್ಟು ಪೆನಿಸಿಲಿನ್ ತಕ್ಕೊಂಡು, ಔಷಧಕ್ಕೆ ಬಗ್ಗದ ರೋಗಾಣುವನ್ನು ಬೆಳೆಸಿ ಹೆಂಡತಿಗೆ ಅಂಟಿಸುತ್ತಾನೆ. ಆಕೆಗೆ ಔಷಧವು ಹಿಡಿಯದೆ ಆಕೆ ಸಾಯುತ್ತಾಳೆ. ಈ ಮರಣಕ್ಕೆ ಹೊಣೆ ಯಾರು ಎಂದು ಕೇಳಿ, ಗಂಡನ ಅಜಾಗ್ರತೆಯೇ ಎಂದು ಅವನು ತೀರ್ಪು ಹೇಳಿದನು. ಗಂಡನು ಆಕೆಗೆ ಕೇಡನ್ನು ಬಯಸಲಿಲ್ಲ. ಆದರೂ ಹೊಣೆ ಅವನದೇ. 2019ನೆಯ ಒಂದೇ ವರುಷದಲ್ಲಿ ರೋಗಾಣುಗಳು ಔಷಧಕ್ಕೆ ಬಗ್ಗದೆಹೋದದ್ದರಿಂದ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಸತ್ತರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಇದೆಲ್ಲಾ ಕೋಳಿಯಿಂದಲೇ ಆಯಿತೆಂದು ಹೇಳುವದು ಸುಳ್ಳಾಗುವದು. ಮನುಷ್ಯರು ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆಗಳನ್ನು ತಂದು ನುಂಗುವದೂ ದೊಡ್ಡ ಕಾರಣ. ಆದರೆ ಕೋಳಿಯ ಆಹಾರಕ್ಕೂ ಇದರಲ್ಲಿ ಪಾಲುಂಟು.

ಈಗ ಮೂರು ನೆವಗಳನ್ನು ಪರೀಕ್ಷಿಸೋಣ.

ಮೊದಲನೆಯದು: “ನನ್ನ ಪಾಲು ಎಳ್ಳಿನಷ್ಟು; ಅದರಿಂದ ಯಾರು ಸತ್ತರೆಂದು ಯಾರೂ ತೋರಿಸಲಾರರು.” ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಕಟ್ಟಬೇಕೆಂಬ ವಿಧಿಯುಂಟು. ಯಾರು ಬೀಳುವರೆಂದು ಕಟ್ಟುವಾಗ ಯಾರಿಗೆ ಗೊತ್ತು? ಬೀಳುವವನು ಇನ್ನೂ ಹುಟ್ಟಿರಲಿಕ್ಕಿಲ್ಲ. ಆದಾಗ್ಯೂ ಗೋಡೆಯಿಲ್ಲದ ಮನೆಯ ಮೇಲೆ ರಕ್ತಾಪರಾಧವು ಬರುವದೆಂದು ಧರ್ಮಶಾಸ್ತ್ರವು ಎಚ್ಚರಿಸುತ್ತದೆ. ಹೀಗಿರಲಾಗಿ, ದೇವರ ನ್ಯಾಯವು ಬಿದ್ದವನ ಹೆಸರನ್ನು ಕಾಯುವದಿಲ್ಲ. ಬೀಳಬಹುದಾದವನನ್ನೇ ನೆರೆಯವನೆಂದು ಎಣಿಸುತ್ತದೆ.

ಎರಡನೆಯದು: “ಮರಿಯೂ ಆಹಾರವೂ ಔಷಧವೂ ಕಂಪನಿಯವು. ನನ್ನವು ಶೆಡ್ಡು, ನೀರು, ಕರೆಂಟು, ಮೈದುಡಿತ ಮಾತ್ರ.” ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಗುತ್ತಿಗೆಯ ಸಾಕಣೆಯಲ್ಲಿ ಕೂಲಿಯು ಕಿಲೋ ಲೆಕ್ಕದ ಮೇಲೆ ಬರುವದು. ಮರಿ ಸತ್ತರೆ ಅಥವಾ ಆಹಾರ ಹೆಚ್ಚು ಖರ್ಚಾದರೆ ಕೂಲಿ ಕುಗ್ಗುವದು. ಶೆಡ್ಡಿನ ಮೇಲೆ ಸಾಲವೂ ಇರುವದು. ಮುಂದಿನ ಬ್ಯಾಚಿಗೆ ಮರಿ ಬಾರದಿದ್ದರೆ ಕಂತು ಕಟ್ಟುವದು ಹೇಗೆಂದು ಅವನು ರಾತ್ರಿ ನಿದ್ರೆಗೆಡುವನು. ಇಂಥವನ ಮೇಲೆ ಕಂಪನಿಯ ಭಾರವನ್ನೆಲ್ಲಾ ಹೊರಿಸುವದು ಅನ್ಯಾಯ. ಹೆಚ್ಚು ಕೊಡಲ್ಪಟ್ಟವನಿಂದ ಹೆಚ್ಚು ಕೇಳಲ್ಪಡುವದೆಂಬದು ಕರ್ತನ ಬೋಧನೆ. ಆದರೆ ಸ್ವಲ್ಪ ಕೊಡಲ್ಪಟ್ಟವನಿಂದಲೂ ಸ್ವಲ್ಪ ಕೇಳಲ್ಪಡುವದಷ್ಟೆ. ಗಿಲ್ಗಾಲಿನಲ್ಲಿ ಬರಗಾಲದ ದಿವಸ ಪ್ರವಾದಿಗಳ ಮಂಡಲಿಯವನೊಬ್ಬನು ಅರಿಯದೆ ಕಾಡುಬಳ್ಳಿಯ ಕಾಯನ್ನು ಹಂಡೆಗೆ ಹೆಚ್ಚಿಹಾಕಿದ್ದಕ್ಕೆ ಎಲೀಷನು ಅವನನ್ನು ಶಪಿಸಲಿಲ್ಲ. ಆದರೆ ಹಂಡೆಯಲ್ಲಿ ವಿಷವಿದೆಯೆಂದು ತಿಳಿದ ಮೇಲೆ ಯಾರೂ ಸುಮ್ಮನೆ ಉಣ್ಣುತ್ತಾ ಕೂತಿರಲಿಲ್ಲ, ಕೂಗಿ ಹೇಳಿದರು. ಚೀಲದಲ್ಲಿ ಏನು ಬೆರೆತಿದೆ, ನೀರಿಗೆ ಹಾಕುವ ಪುಡಿ ಯಾವದು, ಏತಕ್ಕೆ ಎಂದು ಕೇಳುವದು ಸಾಕುವವನ ಕೈಯಲ್ಲಿರುವ ಸ್ವಲ್ಪ. ಒಬ್ಬನೇ ಕೇಳಲು ಅಂಜಿದರೆ ಹತ್ತು ಮಂದಿ ಕೂಡಿ ಕೇಳಲಿ.

ಮೂರನೆಯದು: “ಕಾನೂನು ಹಿಡಿಯುವ ತನಕ ತಪ್ಪೇನು?” ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಬೆಳವಣಿಗೆಗೋಸ್ಕರ ಆಂಟಿಬಯಾಟಿಕ್ ಬೆರಸುವದು 2006ನೆಯ ಇಸವಿಯ ಜನವರಿ 1ರಿಂದ ಪೂರ್ತಿಯಾಗಿ ನಿಂತಿತು. ನಮ್ಮ ದೇಶದಲ್ಲಿ, ಮನುಷ್ಯರಿಗೆ ಕಡೆಯ ಆಸರೆಯಾಗಿ ಕೊಡುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಬಳಸುವದನ್ನು ಕೇಂದ್ರ ಸರಕಾರವು 2019ನೆಯ ಜುಲೈಯಲ್ಲಿ ನಿಷೇಧಿಸಿತು. ಇವು ಒಳ್ಳೇ ಕಾನೂನುಗಳೇ. ಆದರೆ ಕಾನೂನು ಶೆಡ್ಡಿನ ಬಾಗಿಲ ತನಕ ಬರುವದು. ಒಳಗೆ ನಡೆಯುವದನ್ನು ಮನಸ್ಸಾಕ್ಷಿಯೇ ಕಾಯಬೇಕು.

ಹಾಗಾದರೆ ಆಂಟಿಬಯಾಟಿಕ್ಕಿಗೆ ಬದಲಾಗಿ ಏನನ್ನು ಬೆರಸಬಹುದು? ಈಗ ಅನೇಕ ವಸ್ತುಗಳು ಬಳಕೆಗೆ ಬಂದಿವೆ. ಬೆಳ್ಳುಳ್ಳಿ, ಅರಿಸಿನ, ಓಮ, ದಾಲ್ಚಿನ್ನಿಗಳ ಸತ್ವವು ಒಂದು ಬಗೆ. ಕರುಳಿನಲ್ಲಿ ಕೆಟ್ಟ ಅಣುಜೀವಿಗಳು ಬೆಳೆಯದಂತೆ ಮಾಡುವ ಫಾರ್ಮಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳು ಇನ್ನೊಂದು. ಹಾಲನ್ನು ಮೊಸರು ಮಾಡುವ ಜಾತಿಗೆ ಸೇರಿದ ಉಪಕಾರಿ ಅಣುಜೀವಿಗಳನ್ನು ಮರಿಗೆ ಮೊದಲೇ ಕೊಟ್ಟರೆ, ಅವು ಕರುಳಿನಲ್ಲಿ ನೆಲೆಸಿ ಕೆಟ್ಟವುಗಳಿಗೆ ಸ್ಥಳ ಬಿಡವು. ಇವಕ್ಕೆ ಪ್ರೋಬಯಾಟಿಕ್ ಎನ್ನುತ್ತಾರೆ. ಯೀಸ್ಟಿನ ಹೊರಪೊರೆಯಿಂದ ತೆಗೆದ ಪದಾರ್ಥಕ್ಕೆ ಕೆಲವು ರೋಗಾಣುಗಳು ಅಂಟಿಕೊಂಡು ಹಿಕ್ಕೆಯೊಂದಿಗೆ ಹೊರಗೆ ಹೋಗುವವು. ಕಾಳಿನ ಸಾರವನ್ನು ಚೆನ್ನಾಗಿ ಜೀರ್ಣಿಸಿಕೊಳ್ಳಲು ನೆರವಾಗುವ ಕಿಣ್ವಗಳೂ ಉಂಟು.

ಇವೆಲ್ಲಾ ಒಳ್ಳೆಯವೇ; ಆದರೆ ಇಲ್ಲಿಯೇ ಮನಸ್ಸು ಮೋಸಹೋಗುವದು. ಇವುಗಳ ಫಲವು ಎಲ್ಲಾ ಶೆಡ್ಡುಗಳಲ್ಲಿ ಒಂದೇ ಸಮನಾಗಿ ಕಾಣುವದಿಲ್ಲ. ಆಂಟಿಬಯಾಟಿಕ್ಕಿನಿಂದ ಬರುತ್ತಿದ್ದ ಲಾಭವಾದರೂ ಕೊಳಕಾದ ಸ್ಥಳದಲ್ಲಿ ಹೆಚ್ಚಾಗಿಯೂ ಶುಚಿಯಾದ ಸ್ಥಳದಲ್ಲಿ ಅತ್ಯಲ್ಪವಾಗಿಯೂ ಇರುವದೆಂದು ಪರೀಕ್ಷಕರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದಾರೆ. ಇದರ ಅರ್ಥವನ್ನು ಯೋಚಿಸಿರಿ. ಆ ಔಷಧವು ಕೋಳಿಯ ಕೊರತೆಯನ್ನಲ್ಲ, ಸಾಕುವವನ ಕೊರತೆಯನ್ನು ಮುಚ್ಚುತ್ತಿತ್ತು. ಒದ್ದೆಯಾದ ಹಾಸು, ಕಣ್ಣು ಉರಿಸುವ ಅಮೋನಿಯದ ವಾಸನೆ, ಇಕ್ಕಟ್ಟು, ಪಾಚಿ ಕಟ್ಟಿದ ನೀರಿನ ತೊಟ್ಟಿ, ಒಂದು ಬ್ಯಾಚು ಹೋದ ಕೂಡಲೇ ಬಿಡುವಿಲ್ಲದೆ ಮತ್ತೊಂದು ಬ್ಯಾಚು, ಇವನ್ನೆಲ್ಲಾ ಹಾಗೆಯೇ ಇಟ್ಟುಕೊಂಡು ಆಂಟಿಬಯಾಟಿಕ್ಕಿನ ಬದಲಿಗೆ ಅರಿಸಿನವನ್ನು ಹಾಕುವವನು ಸಮಾಧಿಗೆ ಹಚ್ಚಿದ ಸುಣ್ಣವನ್ನು ಬದಲಿಸಿದವನೇ ಹೊರತು ಒಳಗನ್ನು ತೊಳೆದವನಲ್ಲ. ಡೆನ್ಮಾರ್ಕ್ ದೇಶದ ಕೋಳಿಸಾಕಣೆಯವರು 1998ರಲ್ಲಿ ಬೆಳವಣಿಗೆಯ ಆಂಟಿಬಯಾಟಿಕ್ಕುಗಳನ್ನು ತಾವಾಗಿ ಬಿಟ್ಟರು. ಕೋಳಿಗಳು ಹೆಚ್ಚಾಗಿ ಸಾಯಲಿಲ್ಲ, ತೂಕ ಕುಗ್ಗಲಿಲ್ಲ, ಆಹಾರ ಮಾತ್ರ ಅತ್ಯಲ್ಪ ಹೆಚ್ಚು ಬೇಕಾಯಿತು. ಜಾಗ್ರತೆಯುಳ್ಳ ಕೈ ಇದ್ದಲ್ಲಿ ಆ ಪುಡಿಯಿಲ್ಲದೆ ಸಾಗುವದೆಂಬದಕ್ಕೆ ಇದೇ ಸಾಕ್ಷಿ.

ಇದನ್ನು ಓದಿ ಯಾರಾದರೂ, ರೋಗ ಬಂದ ಕೋಳಿಗೂ ಔಷಧ ಕೊಡಬಾರದೆಂದು ತಿಳಿಯಬಾರದು. ನೀತಿವಂತನು ತನ್ನ ಪಶುವಿನ ಪ್ರಾಣವನ್ನು ಲಕ್ಷಿಸುವವನೆಂದು ಜ್ಞಾನೋಕ್ತಿಗಳು ಬೋಧಿಸುತ್ತವೆ. ನರಳುವ ಜೀವಿಯನ್ನು ನರಳಲು ಬಿಡುವದು ಭಕ್ತಿಯಲ್ಲ. ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಲಿ. ಆಮೇಲೆ ಮಾಂಸಕ್ಕೆ ಮಾರುವ ಮೊದಲು ಬಿಡಬೇಕಾದ ದಿನಗಳನ್ನು ತಪ್ಪದೆ ಬಿಡಲಿ. ಆ ದಿನಗಳಲ್ಲಿ ಕೋಳಿಯು ತಿನ್ನುವ ಆಹಾರವು ನಷ್ಟವೆಂದು ತೋರುವದು. ಅದು ನೆರೆಯವನಿಗೆ ಸಲ್ಲಿಸುವ ಕಪ್ಪವೆಂದೆಣಿಸಲಿ.

ಕೊಂಡು ತಿನ್ನುವ ನಾವೂ ನಿರಪರಾಧಿಗಳಲ್ಲ. ಸುಮಾರು 40 ಗ್ರಾಮಿನ ಮರಿಯು ಆರು ವಾರದೊಳಗೆ 2 ಕಿಲೋ ಆಗಬೇಕು, ಅದೂ ನೆರೆಯಂಗಡಿಗಿಂತ ಐದು ರೂಪಾಯಿ ಕಡಿಮೆಗೆ ಸಿಕ್ಕಬೇಕೆಂದು ಚೌಕಾಸಿ ಮಾಡುವವರು ನಾವೇ. ನಮ್ಮ ಅವಸರವೂ ಅಗ್ಗದ ಆಶೆಯೂ ಆ ಚೀಲದೊಳಗೆ ಬೆರೆತಿವೆ. ತನ್ನ ಊಟದಿಂದ ಸಹೋದರನಿಗೆ ವಿಘ್ನವಾಗುವದಾದರೆ ಆ ಊಟವನ್ನೇ ಬಿಡುವೆನೆಂದ ಅಪೊಸ್ತಲನ ಮನಸ್ಸು ನಮ್ಮಲ್ಲಿದ್ದರೆ, ಕೆಲವು ರೂಪಾಯಿ ಹೆಚ್ಚು ಕೊಡುವದೂ ಹದಿನೈದು ದಿನಕ್ಕೊಮ್ಮೆ ಮಾತ್ರ ಕೊಳ್ಳುವದೂ ಭಾರವಾಗಲಾರದು.

ಆದಕಾರಣ, ಪ್ರಿಯರೇ, ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿದು: ಕೇಡು ಕಾಣದಿದ್ದರೂ, ಪಾಲು ಚಿಕ್ಕದಾದರೂ, ತಿಳಿದ ಮೇಲೆ ನಾವು ಲೆಕ್ಕ ಒಪ್ಪಿಸತಕ್ಕವರೇ. ಆದರೆ ನಮ್ಮ ಕೈಗೆ ಎಟಕುವದನ್ನೇ ದೇವರು ನಮ್ಮಿಂದ ಕೇಳುತ್ತಾನೆ. ಶೆಡ್ಡಿನವನು ಹಾಸನ್ನು ಒಣಗಿಸಿಡಲಿ. ಗೊಬ್ಬರವನ್ನು ನಾಲೆಯ ಏರಿಯ ಮೇಲೆ ಸುರಿಯದೆ ಚೆನ್ನಾಗಿ ಕೊಳೆಸಿ ಹೊಲಕ್ಕೆ ಹಾಕಲಿ. ಆಳು ಕೈ ತೊಳೆಯಲಿ. ಕೊಳ್ಳುವವನು ವಿಚಾರಿಸಲಿ. ತಾಯಿಯು ಮಗುವಿನ ಪ್ರತಿಯೊಂದು ನೆಗಡಿಗೂ ಅಂಗಡಿಯ ಮಾತ್ರೆಯನ್ನು ತರದಿರಲಿ. ಕೆಳಗಿನ ಊರಿನಲ್ಲಿ, ನಾವು ಎಂದೂ ನೋಡದ ಒಂದು ಮನೆಯಲ್ಲಿ, ಜ್ವರದಿಂದ ಬಳಲುವ ಕೂಸಿಗೆ ವೈದ್ಯರು ಕೊಟ್ಟ ಔಷಧವು ಹಿಡಿಯಲಿ ಎಂಬದೇ ನಮ್ಮ ದುಡಿತವೂ ಪ್ರಾರ್ಥನೆಯೂ ಆಗಿರಲಿ.