ಬಿಟ್ಟರೆ, ಬಿಟ್ಟಿದ್ದರೆ



ಇಂದಿನ ಚಿಂತನೆ ಸ್ವಲ್ಪ ವ್ಯಾಕರಣದ್ದು. ಹೆದರಬೇಡಿ, ಕೊತ್ತತ್ತಿಯ ನಮಗೆ ಇದು ದಿನದ ಮಾತೇ. ಗದ್ದೆಯ ಬದುವಿನಲ್ಲಿ ನಿಂತು "ನಾಲೇಲಿ ನೀರ್ ಬುಟ್ರೆ ನಾಟಿ ಮಾಡ್ತೀವಿ" ಅನ್ನುತ್ತೇವೆ. ನೀರು ಬಾರದ ವರ್ಷ "ಬುಟ್ಟಿದ್ರೆ ಮಾಡ್ತಿದ್ದೋ" ಅನ್ನುತ್ತೇವೆ. ಮೊದಲ ಮಾತು ಆಡುವವನ ಹತ್ತಿರ ಪೈರು ಇನ್ನೂ ಹಸಿರಾಗಿದೆ. ಎರಡನೆಯವನದು ಒಣಗಿದೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು ಕಂಪನಿ ಕೆಲಸಕ್ಕೆಂದು ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. "ಚಿಕ್ಕಮ್ಮ, ಇದರ ಭವಿಷ್ಯತ್ ಕಾಲ ತಲೆ ತಿಂತಾ ಇದೆ" ಅಂತ ಫೋನ್ ಮಾಡುತ್ತಾಳೆ. ಅಲ್ಲಿ 'ಎಸ್ತುದಿಯಾರ್' ಎಂದರೆ ಓದುವುದು. ತುದಿಗೆ 'ಎ' ಹಚ್ಚಿದರೆ 'ಓದುವೆನು', 'ಈಯ' ಹಚ್ಚಿದರೆ 'ಓದುತ್ತಿದ್ದೆ, ಆದರೆ...' ಎಂಬ ಅರ್ಥ. ನನಗೆ ಹಿಡಿಸಿದ್ದು ಇನ್ನೊಂದು ನಿಯಮ. ನಮ್ಮ 'ರೆ' ಮಾಡುವ ಕೆಲಸವನ್ನು ಅಲ್ಲಿ 'ಸಿ' ಮಾಡುತ್ತದೆ. ಓದುವುದು ನಾಳೆಯೇ ಆದರೂ 'ಸಿ' ಆದಮೇಲೆ ಭವಿಷ್ಯತ್ ರೂಪ ಇಡುವಂತಿಲ್ಲ, ವರ್ತಮಾನವನ್ನೇ ಇಡಬೇಕು. ಫಲ ಮಾತ್ರ ಭವಿಷ್ಯತ್ತಿನಲ್ಲಿ.

ಕನ್ನಡ ಇನ್ನೂ ಗಟ್ಟಿ. ಓದಿದರೆ, ಬಂದರೆ, ಕೊಟ್ಟರೆ: ಶಾಲೆಯಲ್ಲಿ ಇದನ್ನು ಪಕ್ಷಾರ್ಥಕ ಎಂದು ಹೇಳಿಕೊಡುತ್ತೇವೆ. ಒಳಗೆ ಕೂತಿರುವುದು ಓದಿದ, ಬಂದ, ಕೊಟ್ಟ ಎಂಬ ಭೂತಕಾಲದ ರೂಪ. ನಾಳೆಯ ಫಲ ಹೇಳಬೇಕಾದರೂ ಕೆಲಸ ಮುಗಿದಿದೆ ಎಂದು ಇಟ್ಟುಕೊಂಡೇ ನಮ್ಮ ಭಾಷೆ ಬಾಯಿ ತೆರೆಯುತ್ತದೆ.

ಇನ್ನು ನಮ್ಮ ಪಾಳಿಗೆ ಬನ್ನಿ. ಕಚ್ಚಾಯನ ವ್ಯಾಕರಣದಲ್ಲಿ ಭವಿಷ್ಯತ್ತಿನ ಹೆಸರು 'ಭವಿಸ್ಸಂತಿ'. ಆಗಬಹುದಿತ್ತು ಆದರೆ ಆಗಲಿಲ್ಲ ಎಂಬುದರ ಹೆಸರು 'ಕಾಲಾತಿಪತ್ತಿ'. ಎಂದರೆ, ಕಾಲ ದಾಟಿಹೋಯಿತು. 'ಗಮಿಸ್ಸತಿ', ಹೋಗುವನು. ಅದೇ ಭವಿಷ್ಯತ್ ರೂಪದ ತಲೆಗೆ ಭೂತಕಾಲದ ಗುರುತಾದ 'ಅ' ಹಚ್ಚಿದರೆ 'ಅಗಮಿಸ್ಸಾ', ಹೋಗುತ್ತಿದ್ದ. ನಿನ್ನೆಯೊಳಗೇ ಸತ್ತುಹೋದ ಒಂದು ನಾಳೆ.

ನಮ್ಮ ಹಿರೀಕರ ಬಾಯಲ್ಲಿ ಈ ಕಾಲಾತಿಪತ್ತಿಯೇ ಹೆಚ್ಚು. "ನಮ್ಮುನ್ನೂ ಓದ್ಸಿದ್ರೆ ನಾವೂ ಆಫೀಸರ್ ಆಗಿರ್ತಿದ್ದೋ." ಅದು ಅವರ ತಪ್ಪಲ್ಲ, ಶಾಲೆಯ ಬಾಗಿಲು ಹಾಕಿದವರು ಬೇರೆ. ಬಾಬಾಸಾಹೇಬರಿಗೂ ಶಾಲೆಯಲ್ಲಿ ಸಂಸ್ಕೃತ ಕಲಿಯಗೊಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. "ಕಲಿಸಿದ್ದಿದ್ದರೆ" ಎಂದು ಅವರು ಕೂತಿರಲಿಲ್ಲ. ಸಂಸ್ಕೃತವನ್ನು ಸ್ವಂತ ಶ್ರಮದಿಂದ ಕಲಿತರು, ಪಾಳಿಗೆ ನಿಘಂಟು, ವ್ಯಾಕರಣ ಸಿದ್ಧಪಡಿಸಿದರು. ಮಹಾರಾಷ್ಟ್ರ ಸರ್ಕಾರ ಅದನ್ನು ಅವರ ಬರಹ-ಭಾಷಣಗಳ 16ನೆಯ ಸಂಪುಟವಾಗಿ 1998ರಲ್ಲಿ ಹೊರತಂದಿತು.

ಪಟಿಚ್ಚ ಸಮುಪ್ಪಾದ ಎಂಬ ದೊಡ್ಡ ಹೆಸರಿನೊಳಗೆ ಇರುವುದೂ ಈ 'ರೆ'ಯೇ. ಕಾರಣ ಕೂಡಿದರೆ ಫಲ. ಕಾರಣ ಕಿತ್ತರೆ ಫಲವೂ ಇಲ್ಲ. ಕೂಳೆಯಿದ್ದು ನೀರು ಸಿಕ್ಕರೆ ಕಬ್ಬು ಮತ್ತೆ ಚಿಗುರುತ್ತದೆ, ಕೂಳೆ ಅಗೆದರೆ ಇಲ್ಲ. ಇದಕ್ಕೆ ಹಣೆಬರಹ ಬೇಕಿಲ್ಲ. ಹೋದ ಜನ್ಮದ ಕರ್ಮ ಈ ಜನ್ಮದ ಹುಟ್ಟನ್ನೂ ಬಡತನವನ್ನೂ ತೀರ್ಮಾನಿಸುತ್ತದೆ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ತಳ್ಳಿಹಾಕಿದ್ದು ಇದಕ್ಕೇ. ಆ ಮಾತು ಒಪ್ಪಿದರೆ ನಮ್ಮ ಬದುಕೆಲ್ಲ ಕಾಲಾತಿಪತ್ತಿ. (ತಿಸರಣದಲ್ಲೂ ನಾವು ಹೇಳುವುದು ಗಚ್ಛಾಮಿ, 'ಹೋಗುತ್ತೇನೆ' ಎಂಬ ವರ್ತಮಾನ ರೂಪ. ಗಮನಿಸಿದ್ದೀರಾ?)

ಇಷ್ಟೆಲ್ಲ ಬರೆದಿದ್ದು ಒಂದು ಕಾರಣಕ್ಕೆ. ನಮ್ಮ ಬೀದಿಯ ಒಬ್ಬಳು ಹುಡುಗಿಗೆ ಎಸ್ಸೆಸ್ಸೆಲ್ಸಿ ಗಣಿತ ಹೋಗಿದೆ. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ. ಅವರಮ್ಮ ನನ್ನ ಹತ್ತಿರ, "ಪಾಸಾಗಿದ್ರೆ ಕಾಲೇಜಿಗೆ ಕಳಿಸ್ತಿದ್ದೋ ಅಕ್ಕ" ಅಂದರು. ಆಯಮ್ಮನ ಕೈ ಹಿಡಿದು ನಾನು ಕೇಳಿದ್ದು ಇಷ್ಟೇ: "ಪಾಸಾದ್ರೆ ಕಳಿಸ್ತೀರಾ?" ಬಹಳ ಹೊತ್ತು ಸುಮ್ಮನಿದ್ದು, "ಕಳಿಸ್ತೀವಿ" ಅಂದರು.

ಪರೀಕ್ಷೆ-2 ಇನ್ನೂ ಇದೆ. ಕನ್ನಡ ನಾನು ನೋಡಿಕೊಳ್ಳಬಲ್ಲೆ, ಗಣಿತ ನನ್ನ ಕೈಗೆ ಎಟುಕದು. ಭಾನುವಾರ ವಂದನೆ ಮುಗಿದ ಮೇಲೆ ಎರಡು ಗಂಟೆ ಲೆಕ್ಕ ಹೇಳಿಕೊಡುವವರು ಬಳಗದಲ್ಲಿ ಯಾರಾದರೂ ಇದ್ದರೆ ಇವತ್ತೇ ತಿಳಿಸಿ.

ಜೈಭೀಮ್.